ಬಾಟಲಿ ಮುಚ್ಚಿದರೂ ಪೈಪಿನಲ್ಲಿ ಉಳಿಯುವ ನೈಟ್ರಸ್: ಆ ಒತ್ತಡ ಇಳಿಸುವುದು ಹೇಗೆ?

ಹೋದ ತಿಂಗಳು ಒಂದು ಭಾನುವಾರ ಸಂಜೆ ಅಕ್ಕನ ಮಗ ಮಿಷಿಗನ್‌ನಿಂದ ವಿಡಿಯೋ ಕಾಲ್ ಮಾಡಿದ. ಅಲ್ಲಿ ಆಗ ಬೆಳಿಗ್ಗೆ. ಸೆಕೆಂಡ್ ಹ್ಯಾಂಡ್ ಮಸ್ಟಾಂಗ್ ಕಾರೊಂದನ್ನು ತೆಗೆದುಕೊಂಡಿದ್ದ. ಹಳೇ ಮಾಲೀಕ ಅದನ್ನು ಡ್ರ್ಯಾಗ್ ರೇಸ್‌ಗೆ, ಅಂದರೆ ನೇರ ದಾರಿಯಲ್ಲಿ ಸ್ವಲ್ಪ ದೂರದ ವೇಗದ ಪಂದ್ಯಕ್ಕೆ, ಓಡಿಸುತ್ತಿದ್ದನಂತೆ.

"ಮಾಮ, ಡಿಕ್ಕೀಲಿ ನೀಲಿ ಬಾಟಲಿ ಇದೆ. ನನಗೆ ಬೇಡ, ಬಿಚ್ಚಿಬಿಡ್ತೀನಿ. ವಾಲ್ವ್ ಮುಚ್ಚಿದ್ದೀನಿ. ಈಗ ಪೈಪ್ ನಟ್ ತೆಗೀಲಾ?"

ಅದು ನೈಟ್ರಸ್ ಬಾಟಲಿ, ಎಂಜಿನ್‌ಗೆ ಜಾಸ್ತಿ ಪವರ್ ಬರಲಿ ಅಂತ ಬಿಡುವ ಗ್ಯಾಸ್ ಅದರಲ್ಲಿರುತ್ತದೆ. ಪೈಪಿಗೆ ಒತ್ತಡ ತೋರಿಸುವ ಒಂದು ಪುಟ್ಟ ಗೇಜ್ ಕೂರಿಸಿದ್ದರು. ಫೋನನ್ನು ಅದರ ಹತ್ತಿರ ಹಿಡಿ ಅಂದೆ. ಮುಳ್ಳು 750ರ ಹತ್ತಿರ ನಿಂತಿತ್ತು. ಬಾಟಲಿ ಮುಚ್ಚಿ ಅರ್ಧ ಗಂಟೆ ಆಗಿತ್ತು, ಆದರೂ ಮುಳ್ಳು ಅಲ್ಲಾಡಿರಲಿಲ್ಲ.

"ಬೇಡ ಕಣೋ, ಮೊದಲು ಸ್ಪ್ಯಾನರ್ ಕೆಳಗಿಡು" ಅಂದೆ.

ನಾನು ಗಾಡಿ ಕೆಲಸದಲ್ಲೇ ಇರುವವನು. ಅವನು ಕೇಳಿದ ಪ್ರಶ್ನೆಯನ್ನೇ ಇಲ್ಲಿನ ಹುಡುಗರೂ ಕೇಳುತ್ತಾರೆ. ಸಿನಿಮಾದಲ್ಲಿ ಬಟನ್ ಒತ್ತಿದ ಕೂಡಲೇ ಕಾರು ಬಾಣದ ಹಾಗೆ ಹೋಗುವುದನ್ನು ಎಲ್ಲರೂ ನೋಡಿರುತ್ತಾರೆ. ಓಟ ಮುಗಿದ ಮೇಲೆ ಆ ಪೈಪಿನಲ್ಲಿ ಏನಿರುತ್ತದೆ, ಅದನ್ನು ಹೇಗೆ ಖಾಲಿ ಮಾಡಬೇಕು ಅನ್ನುವುದನ್ನು ಯಾರೂ ಹೇಳಿಕೊಡುವುದಿಲ್ಲ. ಅದಕ್ಕೇ ಬುಡದಿಂದ ಬರೆಯುತ್ತಿದ್ದೇನೆ.

ನೈಟ್ರಸ್ ಅಂದರೆ ಪೆಟ್ರೋಲ್ ತರಹದ ಇಂಧನ ಅಲ್ಲ

ನೈಟ್ರಸ್ ಆಕ್ಸೈಡ್ ಒಂದು ಗ್ಯಾಸ್. ಬಣ್ಣ ಇಲ್ಲ, ಸ್ವಲ್ಪ ಸಿಹಿ ವಾಸನೆ. 1772ರಲ್ಲಿ ಜೋಸೆಫ್ ಪ್ರೀಸ್ಟ್ಲಿ ಇದನ್ನು ಕಂಡುಹಿಡಿದ. ನಗಿಸುವ ಗ್ಯಾಸ್ ಅಂತ ಹೆಸರು ಬಂದದ್ದು ಆಮೇಲೆ. ಇವತ್ತಿಗೂ ಆಪರೇಷನ್ ಥಿಯೇಟರ್‌ಗಳಲ್ಲಿ ನೀಲಿ ಸಿಲಿಂಡರ್‌ನಲ್ಲಿ ಬರುವುದು ಇದೇ.

ಇದು ತಾನಾಗಿ ಉರಿಯುವುದಿಲ್ಲ, ಉರಿಯುವುದಕ್ಕೆ ಬೇಕಾದ ಆಮ್ಲಜನಕವನ್ನು ಹೊತ್ತು ತರುತ್ತದೆ. ನಾವು ಉಸಿರಾಡುವ ಗಾಳಿಯಲ್ಲಿ ತೂಕದ ಲೆಕ್ಕದಲ್ಲಿ ಆಮ್ಲಜನಕ ಸುಮಾರು 23 ಪರ್ಸೆಂಟ್, ನೈಟ್ರಸ್‌ನಲ್ಲಿ 36 ಪರ್ಸೆಂಟ್. ಸುಮಾರು 300 ಡಿಗ್ರಿ ಬಿಸಿಯಲ್ಲಿ ನೈಟ್ರಸ್ ಒಡೆಯುತ್ತದೆ, ಆಮ್ಲಜನಕ ಹೊರಗೆ ಬರುತ್ತದೆ. ಆಗ ಜಾಸ್ತಿ ಪೆಟ್ರೋಲ್ ಉರಿಸಬಹುದು, ಜಾಸ್ತಿ ಪವರ್ ಸಿಗುತ್ತದೆ. ಸೌದೆ ಒಲೆಗೆ ಊದುಗೊಳವೆಯಲ್ಲಿ ಊದಿದ ಹಾಗೆ. ನಮ್ಮ ಉಸಿರು ಉರಿಯುವುದಿಲ್ಲ, ಆದರೆ ಸೌದೆ ಧಗ್ ಅಂತ ಹತ್ತಿಕೊಳ್ಳುತ್ತದೆ ಅಲ್ವಾ?

ಎರಡನೇ ಮಹಾಯುದ್ಧದಲ್ಲಿ ಜರ್ಮನಿಯವರು ಜಿಎಂ-1 ಅನ್ನುವ ಹೆಸರಲ್ಲಿ ಇದನ್ನು ಯುದ್ಧವಿಮಾನಗಳಿಗೆ ಹಾಕಿದ್ದರು. ತುಂಬಾ ಎತ್ತರದಲ್ಲಿ ಗಾಳಿ ತೆಳುವಾಗಿ ಎಂಜಿನ್ ಸೊರಗುತ್ತಿತ್ತು, ಅದಕ್ಕೆ. ಅಮೆರಿಕದ ಡ್ರ್ಯಾಗ್ ರೇಸ್ ಕಾರುಗಳಲ್ಲಿ ಕಿಟ್ ರೂಪದಲ್ಲಿ ಇದು ಮನೆಮಾತಾದದ್ದು 1970ರ ದಶಕದ ಕೊನೆಯಿಂದ ಈಚೆಗೆ.

ಬಾಟಲಿಯೊಳಗೆ ಏನು ನಡೆಯುತ್ತದೆ

ಮನೆಯ ಅಡುಗೆ ಗ್ಯಾಸ್ ಸಿಲಿಂಡರ್ ಅಲ್ಲಾಡಿಸಿದರೆ ಒಳಗೆ ನೀರಿನ ಹಾಗೆ ಕುಲುಕುತ್ತದೆ. ಒಳಗಿರುವುದು ದ್ರವ. ಮೇಲಿನ ಖಾಲಿ ಜಾಗದಲ್ಲಿ ಅದರದೇ ಆವಿ. ನೈಟ್ರಸ್ ಬಾಟಲಿಯಲ್ಲೂ ಹಾಗೇ. ವ್ಯತ್ಯಾಸ ಇರುವುದು ಒತ್ತಡದಲ್ಲಿ.

ಕಾರಿನ ಟೈರಿಗೆ ಹಾಕಿಸುವ ಗಾಳಿ 32 ಪಿಎಸ್‌ಐ (ಒಂದು ಚದರ ಇಂಚಿನ ಮೇಲೆ ಎಷ್ಟು ಪೌಂಡ್ ಒತ್ತಡ ಅನ್ನುವ ಅಳತೆ) ಆಸುಪಾಸು. ಸೀಟಿ ಹೊಡೆಯುವ ಕುಕ್ಕರ್ ಒಳಗೆ ಹೊರಗಿಗಿಂತ ಸುಮಾರು 15 ಪಿಎಸ್‌ಐ ಜಾಸ್ತಿ ಇರುತ್ತದೆ, ಅಷ್ಟೇ. ನೈಟ್ರಸ್ ಬಾಟಲಿಯಲ್ಲಿ 20 ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು 730 ಪಿಎಸ್‌ಐ, 30 ಡಿಗ್ರಿಗೆ 900 ದಾಟುತ್ತದೆ. ಅಂದರೆ ಬೆಂಗಳೂರಿನ ಒಂದು ಮಾಮೂಲಿ ಬಿಸಿಲಿನ ದಿನಕ್ಕೆ ಅದು ಅರವತ್ತು ಕುಕ್ಕರ್ ಪ್ರೆಶರ್.

ಇಲ್ಲಿ ಒಂದು ವಿಷಯ ಚೆನ್ನಾಗಿ ಗಮನಿಸಿ. ಒತ್ತಡ ನಿಂತಿರುವುದು ಬಿಸಿಯ ಮೇಲೆ, ಎಷ್ಟು ಉಳಿದಿದೆ ಅನ್ನುವುದರ ಮೇಲಲ್ಲ. ಬಾಟಲಿ ತುಂಬಿರಲಿ, ಕಾಲು ಭಾಗ ಇರಲಿ, ಒಳಗೆ ದ್ರವ ಇರುವವರೆಗೂ ಗೇಜ್ ಒಂದೇ ಅಂಕಿ ತೋರಿಸುತ್ತದೆ. ಎಷ್ಟಿದೆ ಅಂತ ಗೊತ್ತಾಗಬೇಕಾದರೆ ತೂಕವೇ ಹಾಕಬೇಕು, ಗ್ಯಾಸ್ ಸಿಲಿಂಡರ್ ತರುವವರ ಹತ್ತಿರ ತೂಕ ಮಾಡಿಸಿ ತೆಗೆದುಕೊಳ್ಳುವ ಹಾಗೆ.

36.4 ಡಿಗ್ರಿ ದಾಟಿದರೆ ಇನ್ನೊಂದು ವಿಚಿತ್ರ ನಡೆಯುತ್ತದೆ. ದ್ರವ, ಆವಿ ಅನ್ನುವ ಭೇದವೇ ಹೋಗಿಬಿಡುತ್ತದೆ, ಇಡೀ ಬಾಟಲಿಯಲ್ಲಿ ಒಂದೇ ದಟ್ಟವಾದ ವಸ್ತು. ಅಲ್ಲಿಂದ ಮೇಲೆ ಬಾಟಲಿ ಎಷ್ಟು ತುಂಬಿದೆಯೋ ಅದರ ಮೇಲೆ ಒತ್ತಡ ಏರುತ್ತದೆ, ಜಾಸ್ತಿ ತುಂಬಿದ್ದರೆ ಬಹಳ ಬೇಗ ಏರುತ್ತದೆ. ಕಲಬುರಗಿ, ರಾಯಚೂರಿನ ಏಪ್ರಿಲ್ ಬಿಸಿಲಲ್ಲಿ ಬಾಗಿಲು ಮುಚ್ಚಿ ನಿಲ್ಲಿಸಿದ ಕಾರಿನ ಡಿಕ್ಕಿ 36 ಡಿಗ್ರಿ ದಾಟುವುದು ದೊಡ್ಡ ಮಾತಲ್ಲ. ಇದಕ್ಕಾಗಿಯೇ ಬಾಟಲಿಯ ತಲೆಯಲ್ಲಿ ಒಂದು ತೆಳು ತಗಡಿನ ಬಿಲ್ಲೆ ಇರುತ್ತದೆ. ಸಾಮಾನ್ಯವಾಗಿ 3000 ಪಿಎಸ್‌ಐ ಹತ್ತಿರ ಅದು ಒಡೆದು ಗ್ಯಾಸ್ ಹೊರಗೆ ಬಿಡುತ್ತದೆ. ಬಾಟಲಿಯೇ ಸಿಡಿಯುವುದಕ್ಕಿಂತ ಅದು ವಾಸಿ. ಆದರೆ ಮುಚ್ಚಿದ ಕಾರಿನೊಳಗೆ ಒಡೆದರೆ ಅದೂ ಸಣ್ಣ ವಿಷಯವಲ್ಲ.

ಡಿಕ್ಕಿಯಿಂದ ಎಂಜಿನ್‌ವರೆಗೆ

ವ್ಯವಸ್ಥೆ ಸರಳ. ಡಿಕ್ಕಿಯಲ್ಲಿ ಬಾಟಲಿ, ಅದರ ತಲೆಯಲ್ಲಿ ಕೈಯಿಂದ ತಿರುಗಿಸುವ ವಾಲ್ವ್. ಒಳಗೆ ತಳದವರೆಗೆ ಇಳಿದ ಒಂದು ಕೊಳವೆ ಇರುತ್ತದೆ, ಅದಕ್ಕೇ ಹೊರಗೆ ಬರುವುದು ಆವಿ ಅಲ್ಲ, ದ್ರವ. ಅಲ್ಲಿಂದ ಸ್ಟೀಲ್ ಹೆಣಿಗೆಯ ಹೊದಿಕೆ ಇರುವ ಸಣ್ಣ ಪೈಪು, ಕಾರಿನ ಕೆಳಗೆ ಸುಮಾರು 14 ಅಡಿ ಓಡಿ ಬಾನೆಟ್ ಕೆಳಗೆ ಬರುತ್ತದೆ. ಅಲ್ಲಿ ಸಾಲೆನಾಯ್ಡ್ ಕಾಯುತ್ತಿರುತ್ತದೆ.

ಸಾಲೆನಾಯ್ಡ್ ಅಂದರೆ ಕರೆಂಟಿನಿಂದ ತೆರೆಯುವ ನಲ್ಲಿ. ಕರೆಂಟ್ ಕೊಟ್ಟರೆ ತೆರೆಯುತ್ತದೆ, ತೆಗೆದರೆ ಸ್ಪ್ರಿಂಗ್ ಅದನ್ನು ಮುಚ್ಚುತ್ತದೆ. ಅದರಾಚೆ ಎಂಜಿನ್ ಗಾಳಿ ಎಳೆದುಕೊಳ್ಳುವ ಮ್ಯಾನಿಫೋಲ್ಡ್.

ಕೆಲವು ಗಾಡಿಗಳಲ್ಲಿ ಇನ್ನೊಂದು ಸಣ್ಣ ಸಾಲೆನಾಯ್ಡ್ ಇರುತ್ತದೆ, ಅದೇ ಪರ್ಜ್. ಅದರ ಬಾಯಿ ಎಂಜಿನ್ ಕಡೆಗಿಲ್ಲ, ಹೊರಗಿನ ಗಾಳಿಗಿದೆ. ರೇಸ್ ಶುರುವಾಗುವ ಮುಂಚೆ ಕಾರಿನ ಮುಂದೆ ಬಿಳಿ ಹೊಗೆ ಬುಸ್ ಅಂತ ಚಿಮ್ಮುವುದನ್ನು ನೋಡಿದ್ದರೆ ಅದು ಇದೇ. ಪೈಪಿನಲ್ಲಿರುವ ಗಾಳಿ, ಆವಿ ಎಲ್ಲ ಹೊರಗೆ ಹೋಗಿ ಸಾಲೆನಾಯ್ಡ್ ಬಾಯಿಯವರೆಗೆ ದ್ರವ ಬಂದು ನಿಲ್ಲಲಿ ಅಂತ ಹಾಗೆ ಮಾಡುತ್ತಾರೆ. ಅದು ನಿಜವಾಗಿ ಹೊಗೆಯಲ್ಲ, ಸುತ್ತಲಿನ ಗಾಳಿಯ ತೇವ ತಣ್ಣಗಾಗಿ ಕಟ್ಟಿದ ಮಂಜು.

ಪೈಪಿನಲ್ಲಿ ಉಳಿದದ್ದು ಎಷ್ಟು?

ಅಡುಗೆ ಮನೆಗೆ ಹೋಗಿ ಒಮ್ಮೆ ಗಮನಿಸಿ. ಸ್ಟವ್ ಉರಿಯುವಾಗ ರೆಗ್ಯುಲೇಟರ್ ಆಫ್ ಮಾಡಿದರೆ ಬೆಂಕಿ ತಕ್ಷಣ ಆರುವುದಿಲ್ಲ. ಸ್ವಲ್ಪ ಹೊತ್ತು ಉರಿದು, ಕುಗ್ಗಿ, ಆಮೇಲೆ ಆರುತ್ತದೆ. ಆ ಸ್ವಲ್ಪ ಹೊತ್ತು ಉರಿದದ್ದು ಟ್ಯೂಬಿನಲ್ಲಿ ಉಳಿದಿದ್ದ ಗ್ಯಾಸು. ಊರಿಗೆ ಹೊರಡುವಾಗ ಅಮ್ಮ ಮೊದಲು ರೆಗ್ಯುಲೇಟರ್ ಮುಚ್ಚಿ, ಬೆಂಕಿ ತಾನಾಗಿ ಆರಿದ ಮೇಲೆ ಸ್ಟವ್ ನಾಬ್ ತಿರುಗಿಸುತ್ತಿದ್ದರು. ನಾವು ಇಲ್ಲಿ ಮಾಡಬೇಕಾಗಿರುವುದೂ ಅದನ್ನೇ.

ಆದರೆ ಅಡುಗೆ ಮನೆ ಟ್ಯೂಬಿನಲ್ಲಿ ಇರುವುದು ಬರೀ ಆವಿ, ಅದೂ ತುಂಬಾ ಕಡಿಮೆ ಒತ್ತಡದಲ್ಲಿ. ನೈಟ್ರಸ್ ಪೈಪಿನಲ್ಲಿ ಇರುವುದು ದ್ರವ. 14 ಅಡಿ ಉದ್ದದ, ಒಳಗೆ ಐದೂವರೆ ಮಿಲಿಮೀಟರ್ ಅಗಲದ ಪೈಪಿನಲ್ಲಿ ಸುಮಾರು 100 ಮಿಲಿಲೀಟರ್ ಹಿಡಿಯುತ್ತದೆ. ಒಂದು ಸಣ್ಣ ಲೋಟ ಕಾಫಿಯಷ್ಟು. ಕಡಿಮೆ ಅನ್ನಿಸುತ್ತದೆ, ಅಲ್ವಾ? ಅದು ಹೊರಗೆ ಬಂದು ಗ್ಯಾಸ್ ಆದಾಗ ಸುಮಾರು 40 ಲೀಟರ್ ಆಗುತ್ತದೆ. ಮನೆಗೆ ತರಿಸುವ ಕುಡಿಯುವ ನೀರಿನ ಎರಡು ಕ್ಯಾನ್ ಕಣ್ಮುಂದೆ ತಂದುಕೊಳ್ಳಿ. ಅಷ್ಟು ಗ್ಯಾಸು ನಿಮ್ಮ ಸ್ಪ್ಯಾನರ್ ಪಕ್ಕದ ಸಣ್ಣ ಸಂದಿಯಿಂದ ಒಂದೆರಡು ಸೆಕೆಂಡಿನಲ್ಲಿ ನುಗ್ಗುತ್ತದೆ.

ಹಾಗಾಗಿ ಬಾಟಲಿ ಮುಚ್ಚಿದ ಮೇಲೆ ಪೈಪನ್ನು ಇನ್ನೊಂದು ಪುಟ್ಟ ಬಾಟಲಿ ಅಂತಲೇ ತಿಳಿಯಬೇಕು. ಒಂದು ತುದಿಯಲ್ಲಿ ವಾಲ್ವ್, ಇನ್ನೊಂದು ತುದಿಯಲ್ಲಿ ಸಾಲೆನಾಯ್ಡ್, ಎರಡೂ ಬಂದ್. ಈ ಪುಟ್ಟ ಬಾಟಲಿಗೆ ಒಡೆಯುವ ಬಿಲ್ಲೆಯೂ ಇಲ್ಲ.

ಹಾಗೇ ಬಿಟ್ಟರೆ ಏನಾಗುತ್ತದೆ?

ಎರಡು ತೊಂದರೆ. ಮೊದಲನೆಯದು ಬಿಸಿ. ಓಡಿ ಬಂದ ಎಂಜಿನ್‌ನ ಕಾವು ಬಾನೆಟ್ ಕೆಳಗಿನ ಪೈಪಿಗೆ ತಟ್ಟುತ್ತದೆ. ಅಂಚಿನವರೆಗೆ ದ್ರವ ತುಂಬಿ ಎರಡೂ ಕಡೆ ಮುಚ್ಚಿದ ಪೈಪಿನಲ್ಲಿ ದ್ರವ ಹಿಗ್ಗುವುದಕ್ಕೆ ಜಾಗವೇ ಇಲ್ಲ, ಒತ್ತಡ ಬಾಟಲಿಯ ಒತ್ತಡಕ್ಕಿಂತ ಎಷ್ಟೋ ಮೇಲೆ ಹೋಗಬಹುದು.

ಎರಡನೆಯದು ಸದ್ದಿಲ್ಲದೆ ಬರುವಂಥದ್ದು, ನನಗೆ ಜಾಸ್ತಿ ಭಯ ಇರುವುದು ಇದರದ್ದೇ. ಸಾಲೆನಾಯ್ಡ್ ಒಳಗೆ ಒಂದು ಪುಟ್ಟ ಸೀಲ್ ಇರುತ್ತದೆ. ರಾತ್ರಿಯಿಡೀ 700, 800 ಪಿಎಸ್‌ಐ ಅದನ್ನು ಒತ್ತುತ್ತಲೇ ಇದ್ದರೆ, ಅಥವಾ ಸೀಲಿನ ಮೇಲೆ ಕೂದಲೆಳೆಯಷ್ಟು ಕಸ ಕೂತಿದ್ದರೆ, ನೈಟ್ರಸ್ ತೊಟ್ಟು ತೊಟ್ಟಾಗಿ ಮ್ಯಾನಿಫೋಲ್ಡ್ ಒಳಗೆ ಸೋರಿಕೊಳ್ಳುತ್ತದೆ. ಹೊರಗೆ ಏನೂ ಕಾಣುವುದಿಲ್ಲ. ಬೆಳಿಗ್ಗೆ ಕೀ ತಿರುಗಿಸಿದ ಕೂಡಲೇ ಪೆಟ್ರೋಲ್ ಬರುತ್ತದೆ, ಸ್ಪಾರ್ಕ್ ಬರುತ್ತದೆ, ಒಳಗೆ ತುಂಬಿಕೊಂಡಿರುವುದು ಗಾಳಿಯಲ್ಲ. ಮ್ಯಾನಿಫೋಲ್ಡ್ ಚೂರಾಗಿ ಬಾನೆಟ್ ಎತ್ತಿಹಾಕಿದ ಉದಾಹರಣೆಗಳಿವೆ.

ಪರ್ಜ್ ಇರುವ ಗಾಡಿಯಲ್ಲಿ

ಇದೇ ಸುಲಭದ ದಾರಿ. ಗಾಡಿಯನ್ನು ಬಯಲಿಗೆ ತನ್ನಿ. ಮುಚ್ಚಿದ ಗ್ಯಾರೇಜ್, ಬೇಸ್‌ಮೆಂಟ್ ಪಾರ್ಕಿಂಗ್ ಬೇಡವೇ ಬೇಡ. ಹತ್ತಿರ ಬೀಡಿ, ಸಿಗರೇಟು, ವೆಲ್ಡಿಂಗ್ ಯಾವುದೂ ಇರಬಾರದು. ಬಾಟಲಿಗೆ ಬಿಸಿ ಕೊಡುವ ಹೀಟರ್ ಇದ್ದರೆ ಆಫ್ ಮಾಡಿ. ನೈಟ್ರಸ್‌ನ ಮುಖ್ಯ ಸ್ವಿಚ್ಚನ್ನು ನೋಡಿ, ಎಂಜಿನ್‌ಗೆ ಬಿಡುವ ಸಾಲೆನಾಯ್ಡ್‌ಗೆ ಕರೆಂಟ್ ಹೋಗದ ಹಾಗೆ ಮಾಡಿ. ಕೆಲವು ಗಾಡಿಗಳಲ್ಲಿ ಪರ್ಜ್ ಕೂಡ ಅದೇ ಸ್ವಿಚ್ಚಿನಿಂದ ನಡೆಯುತ್ತದೆ, ಹಾಗಿದ್ದರೆ ಎಂಜಿನ್ ಕಡೆಯ ಸಾಲೆನಾಯ್ಡ್ ವೈರನ್ನು ಬಿಚ್ಚಿಡುವುದು ಒಳ್ಳೆಯದು.

ಆಮೇಲೆ ಬಾಟಲಿ ವಾಲ್ವ್ ಪೂರ್ತಿ ಮುಚ್ಚಿ. ಕೈಯಿಂದಲೇ, ಬಿಗಿಯಾಗಿ. ಸ್ಪ್ಯಾನರ್ ಹಾಕಿ ತಿರುಚಿದರೆ ವಾಲ್ವ್ ಸೀಟು ಕೆಡುತ್ತದೆ.

ಈಗ ಪರ್ಜ್ ಬಟನ್ ಒತ್ತಿ. ಎರಡು ಸೆಕೆಂಡ್ ಒತ್ತಿ, ಬಿಡಿ. ಮತ್ತೆ ಒತ್ತಿ. ಹಿಡಿದೇ ಇದ್ದರೆ ಸಾಲೆನಾಯ್ಡ್ ಕಾಯಿಲ್ ಬಿಸಿಯಾಗಿ ಸುಡಬಹುದು. ಮೊದಲು ಜೋರಾಗಿ ಬುಸ್ ಅನ್ನುತ್ತದೆ, ಆಮೇಲೆ ಸಣ್ಣ ಸಿಳ್ಳೆ, ಆಮೇಲೆ ಬರೀ ಟಕ್ ಟಕ್. ಗೇಜ್ ಸೊನ್ನೆಗೆ ಬರುತ್ತದೆ.

ಇಲ್ಲಿ ಮುಗಿಯಿತು ಅಂದುಕೊಳ್ಳುವುದೇ ಎಲ್ಲರೂ ಮಾಡುವ ತಪ್ಪು. ನೈಟ್ರಸ್ ಕುದಿಯುವುದು ಸೊನ್ನೆಗಿಂತ 88 ಡಿಗ್ರಿ ಕೆಳಗೆ. ಒತ್ತಡ ಇಳಿಯುತ್ತಿದ್ದ ಹಾಗೆ ಪೈಪಿನಲ್ಲಿ ಉಳಿದ ದ್ರವ ಭಯಂಕರ ತಣ್ಣಗಾಗುತ್ತದೆ, ತಣ್ಣಗಾದರೆ ಅದರ ಒತ್ತಡ ತುಂಬಾ ಕಡಿಮೆ. ಅಂದರೆ ಪೈಪಿನ ತಗ್ಗಿನಲ್ಲಿ ಇನ್ನೂ ದ್ರವ ಇದ್ದರೂ ಗೇಜ್ ಸೊನ್ನೆ ತೋರಿಸಬಹುದು. ಹತ್ತು ನಿಮಿಷ ಬಿಟ್ಟರೆ ಅದು ಕಾವು ಎಳೆದುಕೊಂಡು ಆವಿಯಾಗಿ ಮುಳ್ಳನ್ನು ಮತ್ತೆ ಮೇಲೆತ್ತುತ್ತದೆ. ಪೈಪಿನ ಮೇಲೆ ಬಿಳಿ ಪೊರೆ ಕಟ್ಟಿದ್ದರೆ ಅದು ಇನ್ನೂ ತಣ್ಣಗಿದೆ, ಅಂದರೆ ಕೆಲಸ ಮುಗಿದಿಲ್ಲ. ಆ ಪೊರೆ ಕರಗಿ, ಪೈಪು ಸುತ್ತಲಿನ ಬಿಸಿಗೆ ಬಂದ ಮೇಲೂ ಮುಳ್ಳು ಸೊನ್ನೆಯಲ್ಲೇ ಇದ್ದರೆ ಮಾತ್ರ ಖಾಲಿ.

ಇನ್ನೊಂದು ಮಾತು. ಗೇಜ್ ಎಲ್ಲಿದೆ ಅಂತ ನೋಡಿಕೊಳ್ಳಿ. ಕೆಲವರು ಅದನ್ನು ಪೈಪಿನ ಕಡೆ ಹಾಕಿರುತ್ತಾರೆ, ಕೆಲವರದು ಬಾಟಲಿಯ ಒತ್ತಡವನ್ನೇ ತೋರಿಸುತ್ತದೆ. ಬಾಟಲಿ ಕಡೆಯದಾದರೆ ಪೈಪು ಖಾಲಿಯಾದರೂ ಅದು ಇಳಿಯುವುದಿಲ್ಲ, ಅದನ್ನು ನಂಬಿ ಪೈಪಿನ ಬಗ್ಗೆ ಏನನ್ನೂ ತೀರ್ಮಾನಿಸಬೇಡಿ.

ಪರ್ಜ್ ಇಲ್ಲದಿದ್ದರೆ

ಆಗ ಬಾಟಲಿ ತುದಿಯ ನಟ್ಟನ್ನು ನಿಧಾನವಾಗಿ ಸಡಿಲಿಸಬೇಕು. ಡಿಕ್ಕಿ, ನಾಲ್ಕೂ ಬಾಗಿಲು ತೆರೆದಿರಲಿ. ಹ್ಯಾಚ್‌ಬ್ಯಾಕ್ ಕಾರಿನಲ್ಲಿ ಡಿಕ್ಕಿಯ ಗಾಳಿ ಒಳಗಿನ ಸೀಟಿಗೇ ಬರುತ್ತದೆ, ಮರೆಯಬೇಡಿ. ಗ್ಯಾಸು ಗಾಳಿಗಿಂತ ಒಂದೂವರೆ ಪಟ್ಟು ಭಾರ, ತಗ್ಗಿನಲ್ಲಿ ನಿಂತುಕೊಳ್ಳುತ್ತದೆ.

ಎರಡು ಸ್ಪ್ಯಾನರ್ ಬೇಕು. ಒಂದು ವಾಲ್ವ್ ಕಡೆಯ ಜೋಡಣೆಯನ್ನು ಅಲ್ಲಾಡದ ಹಾಗೆ ಹಿಡಿಯುವುದಕ್ಕೆ, ಇನ್ನೊಂದು ಪೈಪಿನ ನಟ್ ತಿರುಗಿಸುವುದಕ್ಕೆ. ಮುಖ ಪಕ್ಕಕ್ಕಿರಲಿ, ಜೋಡಣೆಯ ನೇರಕ್ಕೆ ಬೇಡ. ಕೂದಲೆಳೆಯಷ್ಟು ತಿರುಗಿಸಿ. ಸಿಳ್ಳೆ ಬಂದ ಕೂಡಲೇ ಅಲ್ಲಿಗೇ ನಿಲ್ಲಿಸಿ, ಕೈ ತೆಗೆದು ದೂರ ನಿಲ್ಲಿ. ಅದು ಹೋಗಲಿ. ಐದು ನಿಮಿಷವೋ ಹತ್ತು ನಿಮಿಷವೋ, ಪೈಪಿನ ಬಿಳಿ ಪೊರೆ ಕರಗುವವರೆಗೆ ನಟ್ಟನ್ನು ಮುಟ್ಟಬೇಡಿ. ಕುಕ್ಕರ್ ಪ್ರೆಶರ್ ಇಳಿಯುವ ಮುಂಚೆ ಮುಚ್ಚಳ ಎಳೆಯಬಾರದು ಅಂತ ನಮಗೆಲ್ಲ ಗೊತ್ತು. ಇಲ್ಲಿ ಅದರ ಐವತ್ತು ಅರವತ್ತು ಪಟ್ಟು.

ಸಿಳ್ಳೆ ನಿಲ್ಲದೇ ಹಾಗೇ ಬರುತ್ತಿದ್ದರೆ ಬಾಟಲಿ ವಾಲ್ವ್ ಪೂರ್ತಿ ಮುಚ್ಚಿಲ್ಲ ಅಂತ ಅರ್ಥ. ನಟ್ಟನ್ನು ಮತ್ತೆ ಬಿಗಿ ಮಾಡಿ, ವಾಲ್ವ್ ನೋಡಿ. ವಾಲ್ವೇ ಸೋರುತ್ತಿದ್ದರೆ ನೀವು ರಿಪೇರಿ ಮಾಡಲು ಹೋಗಬೇಡಿ, ತುಂಬಿಸಿಕೊಡುವವರನ್ನು ಕರೆಯಿರಿ.

ಯಾವತ್ತೂ ಮಾಡಬಾರದ ಕೆಲಸ

ಕೆಲವರು ಹುಷಾರಿಯಿಂದ ಇನ್ನೊಂದು ದಾರಿ ಹಿಡಿಯುತ್ತಾರೆ. "ಎಂಜಿನ್ ಆಫ್ ಇದೆಯಲ್ಲ, ಕೀ ಆನ್ ಮಾಡಿ ನೈಟ್ರಸ್ ಬಟನ್ನೇ ಒತ್ತಿದರೆ ಪೈಪು ಖಾಲಿಯಾಗುತ್ತೆ" ಅಂತ. ಪೈಪು ಖಾಲಿಯಾಗುತ್ತದೆ ನಿಜ. ಆ 40 ಲೀಟರ್ ಗ್ಯಾಸು ಹೋಗುವುದು ಮಾತ್ರ ಎಂಜಿನ್ ಒಳಗೆ. ಪೆಟ್ರೋಲನ್ನೂ ಜೊತೆಗೇ ಬಿಡುವ ಕಿಟ್ ಆದರೆ ಪೆಟ್ರೋಲ್ ಸಾಲೆನಾಯ್ಡ್ ಕೂಡ ತೆರೆದುಕೊಳ್ಳುತ್ತದೆ, ಮ್ಯಾನಿಫೋಲ್ಡ್ ತಳದಲ್ಲಿ ಪೆಟ್ರೋಲ್ ನಿಲ್ಲುತ್ತದೆ. ಆಮೇಲೆ ಯಾರಾದರೂ ಸ್ಟಾರ್ಟ್ ಮಾಡಿದರೆ ಮೇಲೆ ಹೇಳಿದ ಸ್ಫೋಟವೇ.

ಗೊತ್ತಿಲ್ಲದೆ ಹಾಗೆ ಮಾಡಿಬಿಟ್ಟಿದ್ದರೆ ಕೀ ತೆಗೆದು ಜೇಬಿಗೆ ಹಾಕಿಕೊಳ್ಳಿ, ಬ್ಯಾಟರಿ ವೈರ್ ಬಿಚ್ಚಿ, ತಿಳಿದ ಮೆಕ್ಯಾನಿಕ್ಕನ್ನು ಕರೆಸಿ. ಅವರು ಇಗ್ನಿಷನ್ ಮತ್ತು ಪೆಟ್ರೋಲ್ ಎರಡನ್ನೂ ಕಡಿದು, ಸ್ಪಾರ್ಕ್ ಪ್ಲಗ್ ತೆಗೆದು, ಎಂಜಿನ್ ತಿರುಗಿಸಿ ಒಳಗಿನದನ್ನು ಹೊರಗೆ ಹಾಕುತ್ತಾರೆ.

ಕೈ, ಕಣ್ಣು, ಉಸಿರು

ವರ್ಷಗಳ ಹಿಂದೆ ನಾನು ಕೆಲಸ ಕಲಿಯುತ್ತಿದ್ದ ಜಾಗದಲ್ಲಿ ಎಲ್‌ಪಿಜಿ ಆಟೋ ಒಂದರ ಪೈಪ್ ನಟ್ಟನ್ನು ಒಬ್ಬ ಹುಡುಗ ಬರಿಗೈಯಲ್ಲಿ ಬಿಚ್ಚಿದ. ಸಿಲಿಂಡರ್ ಮುಚ್ಚಿದ್ದ, ಪೈಪಿನ ವಿಷಯ ಅವನಿಗೆ ಯಾರೂ ಹೇಳಿರಲಿಲ್ಲ. ದ್ರವ ಅವನ ಹೆಬ್ಬೆರಳು, ತೋರುಬೆರಳಿಗೆ ಚಿಮ್ಮಿತು. ಬೆರಳ ತುದಿ ಮೇಣದ ಹಾಗೆ ಬೆಳ್ಳಗಾಯಿತು. ನೋವೇ ಇಲ್ಲ ಅಂದ. ನೋವು ಬಂದದ್ದು ಅರ್ಧ ಗಂಟೆ ಆದಮೇಲೆ, ಮಾರನೇ ದಿನ ಸುಟ್ಟ ಗಾಯದ ಹಾಗೆ ಬೊಬ್ಬೆ ಎದ್ದವು. ಎಲ್‌ಪಿಜಿಯಲ್ಲಿರುವ ಪ್ರೊಪೇನ್ ಕುದಿಯುವುದು ಸೊನ್ನೆಗಿಂತ 42 ಡಿಗ್ರಿ ಕೆಳಗೆ. ನೈಟ್ರಸ್ ಅದರ ಎರಡರಷ್ಟು ಕೆಳಗೆ.

ಹಾಗಾಗಿ ದಪ್ಪ ಚರ್ಮದ ಗ್ಲೌಸ್, ಪೂರ್ತಿ ಮುಚ್ಚುವ ಕನ್ನಡಕ ಎರಡೂ ಬೇಕು. ತೆಳು ರಬ್ಬರ್ ಗ್ಲೌಸ್ ಬೇಡ, ಅದು ಚಳಿಗೆ ಗಟ್ಟಿಯಾಗಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ. ಚಿಮ್ಮಿದರೆ ಉಜ್ಜಬೇಡಿ. ಉಗುರುಬೆಚ್ಚಗಿನ ನೀರಿನಲ್ಲಿ ಇಟ್ಟು ಡಾಕ್ಟರ ಹತ್ತಿರ ಹೋಗಿ.

ಈ ಗ್ಯಾಸನ್ನು ಸುಮ್ನೆ ಒಂದು ಸಲ ಮೂಸಿ ನೋಡೋಣ ಅನ್ನುವವರೂ ಇದ್ದಾರೆ. ಆಸ್ಪತ್ರೆಯಲ್ಲಿ ಇದನ್ನು ಆಮ್ಲಜನಕದ ಜೊತೆ ಅಳೆದು ಕೊಡುತ್ತಾರೆ. ಬರೀ ನೈಟ್ರಸ್ ಎಳೆದರೆ ಶ್ವಾಸಕೋಶದಲ್ಲಿ ಆಮ್ಲಜನಕಕ್ಕೇ ಜಾಗ ಇರುವುದಿಲ್ಲ, ಪ್ರಜ್ಞೆ ತಪ್ಪುತ್ತದೆ, ಪ್ರಾಣವೂ ಹೋಗಬಹುದು. ಅದಕ್ಕೇ ಅಮೆರಿಕದಲ್ಲಿ ಕಾರಿಗೆ ಮಾರುವ ನೈಟ್ರಸ್‌ಗೆ ಚೂರು ಸಲ್ಫರ್ ಡೈಆಕ್ಸೈಡ್ ಬೆರೆಸುತ್ತಾರೆ, ಮೂಗಿಗೆ ಚುಚ್ಚಲಿ ಅಂತ.

ನಟ್ ಸಲೀಸಾಗಿ ತಿರುಗಲಿ ಅಂತ ಎಣ್ಣೆ, ಗ್ರೀಸ್ ಹಚ್ಚುವುದೂ ತಪ್ಪು. ಒತ್ತಡದಲ್ಲಿರುವ ನೈಟ್ರಸ್‌ಗೆ ಎಣ್ಣೆ ಅಂಟಿದರೆ ಅದು ಇಂಧನ ಇಟ್ಟ ಹಾಗೆ. 2007ರ ಜುಲೈನಲ್ಲಿ ಕ್ಯಾಲಿಫೋರ್ನಿಯಾದ ಮೊಹಾವಿಯಲ್ಲಿ ರಾಕೆಟ್ ಕೆಲಸಕ್ಕಾಗಿ ನೈಟ್ರಸ್ ಹರಿಸಿ ಪರೀಕ್ಷಿಸುವಾಗ ಸ್ಫೋಟವಾಗಿ ಮೂವರು ಸತ್ತರು. ಅಲ್ಲಿ ಎಂಜಿನ್ ಹೊತ್ತಿಸಿಯೂ ಇರಲಿಲ್ಲ. ಪ್ರಮಾಣ ಕಾರಿನದ್ದಕ್ಕಿಂತ ಎಷ್ಟೋ ದೊಡ್ಡದು, ಆದರೆ ಗ್ಯಾಸು ಇದೇ.

ಗಾಳಿಗೆ ಬಿಡುವುದರ ಲೆಕ್ಕವನ್ನೂ ಹೇಳಬೇಕು. ಭೂಮಿ ಬಿಸಿ ಮಾಡುವುದರಲ್ಲಿ ಒಂದು ಕಿಲೋ ನೈಟ್ರಸ್ ಸುಮಾರು 270 ಕಿಲೋ ಕಾರ್ಬನ್ ಡೈಆಕ್ಸೈಡಿಗೆ ಸಮ. ಒಂದು ಪೈಪು ಖಾಲಿ ಮಾಡಿದರೆ ಏಳೆಂಟು ಲೀಟರ್ ಪೆಟ್ರೋಲ್ ಸುಟ್ಟಷ್ಟು. ಪೈಪಿನದು ಬಿಡದೆ ವಿಧಿಯಿಲ್ಲ. ಬಾಟಲಿಯಲ್ಲಿರುವುದನ್ನು ಬಿಡಬೇಡಿ, ಹಾಗೇ ವಾಪಸ್ ಕೊಡಿ.

ನಮ್ಮ ರಸ್ತೆಯಲ್ಲಿ?

ಇಲ್ಲಿ ರಸ್ತೆಗೆ ಇಳಿಯುವ ಕಾರಿಗೆ ಇದನ್ನು ಹಾಕಿಸುವ ಹಾಗಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ಮೂಲ ವಿವರಕ್ಕೆ ಹೊಂದದ ಹಾಗೆ ಗಾಡಿ ಬದಲಾಯಿಸಬಾರದು, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿತು. ಒತ್ತಡದ ಬಾಟಲಿ ಇಡುವುದಕ್ಕೆ, ತುಂಬಿಸುವುದಕ್ಕೆ 2016ರ ಗ್ಯಾಸ್ ಸಿಲಿಂಡರ್ ನಿಯಮಗಳು ಬೇರೆ ಇವೆ. ಸೆಕೆಂಡ್ ಹ್ಯಾಂಡ್ ಕಾರು ನೋಡುವಾಗ ಡಿಕ್ಕಿಯಲ್ಲಿ ಬಾಟಲಿ ಇಲ್ಲದಿದ್ದರೂ ಕಾರಿನ ಕೆಳಗೆ ಸ್ಟೀಲ್ ಹೆಣಿಗೆಯ ಸಣ್ಣ ಪೈಪು ಓಡಿದೆಯಾ ಅಂತ ಒಮ್ಮೆ ನೋಡಿ. ಬಾಟಲಿ ತೆಗೆದು ಪೈಪಿನ ಬಾಯಿಗೆ ಮುಚ್ಚಳ ಬಿಗಿದು ಮಾರಿದ್ದರೆ, ಆ ಪೈಪು ಖಾಲಿ ಅಂತ ನೀವಾಗಿಯೇ ನಂಬಬೇಡಿ.

ಅಕ್ಕನ ಮಗನ ಗಾಡಿಯಲ್ಲಿ ಪುಣ್ಯಕ್ಕೆ ಪರ್ಜ್ ಇತ್ತು. ಗಾಡಿಯನ್ನು ಗ್ಯಾರೇಜಿನಿಂದ ಹೊರಗೆ ತಳ್ಳಿಸಿದೆ, ಸ್ಟಾರ್ಟ್ ಮಾಡಲು ಬಿಡಲಿಲ್ಲ. ಎಂಜಿನ್ ಕಡೆಯ ಸಾಲೆನಾಯ್ಡ್ ವೈರ್ ಬಿಚ್ಚಿಸಿದೆ. ಮೊದಲ ಸಲ ಒತ್ತಿ ಒತ್ತಿ ಮುಳ್ಳು ಸೊನ್ನೆಗೆ ಬಂತು. "ಆಯ್ತು ಮಾಮ" ಅಂದ. "ಇನ್ನೂ ಇಲ್ಲ, ಕಾಫಿ ಕುಡಿದು ಬಾ" ಅಂದೆ. ಕಾಲು ಗಂಟೆ ಬಿಟ್ಟು ಬಂದು ನೋಡಿದರೆ ಮುಳ್ಳು 120ರಲ್ಲಿತ್ತು. ಮತ್ತೆ ಒತ್ತಿದ, ಮತ್ತೆ ಕಾದ. ಮೂರನೇ ಸಲಕ್ಕೆ ಅದು ಏಳಲೇ ಇಲ್ಲ. ಪೈಪು ಮುಟ್ಟಿ ನೋಡಿಸಿದೆ, ಒಣಗಿತ್ತು, ತಣ್ಣಗಿರಲಿಲ್ಲ. ಆಮೇಲೆ ನಟ್ ಬಿಚ್ಚಿದ. ಫೋನಿನಲ್ಲಿ ನನಗೆ ಕೇಳಿಸಿದ್ದು ಸ್ಪ್ಯಾನರ್ ಸದ್ದು ಮಾತ್ರ.